ಅಣ್ಣನಿಗೆ ಹೇಳಿಕಳಿಸಿದ ಮಾತು

ನಾಗಮಂಗಲದ ಕಡೆ ಕಂದಾಯ ಏರಿಸಿದ ವರ್ಷ ನಮ್ಮೂರಿನ ಒಕ್ಕಲುಗಳೆಲ್ಲ ಊರಬಾಗಿಲ ಆಲದ ಮರಕ್ಕೆ ನೇಗಿಲುಗಳನ್ನು ತಲೆಕೆಳಗಾಗಿ ಕಟ್ಟಿದರು. ಇನ್ನು ಉಳುವುದಿಲ್ಲ ಎಂದು ಪಟ್ಟಣದ ದೊರೆಗೆ ತಿಳಿಸುವ ರೀತಿ ಅದು. ಕಟ್ಟಿದ ಮೇಲೆ ದನಕರುಗಳೊಂದಿಗೆ ಗುಡ್ಡದ ಕಾಡು ಸೇರುವುದು ವಾಡಿಕೆ.

ನಾವು ಕಮ್ಮಾರರು; ಹೊಲವಿಲ್ಲ, ನೇಗಿಲಿಲ್ಲ. ಅಣ್ಣ ಕುಲುಮೆಗೆ ಗಾಳಿ ಊದುವ ತಿದಿಯನ್ನೇ ಬಿಚ್ಚಿ ತಂದು ಕೊಂಬೆಗೆ ಕಟ್ಟಿದ.

"ಲೇ ಆಚಾರಿ, ನಿಂಗ್ಯಾವ ಕಂದಾಯ್ವಲಾ? ಮನೇಲಿ ಬೆಚ್ಚಗಿರು ಓಗು," ಎಂದು ಊರಗೌಡ ನಕ್ಕ.

"ನಿಮ್ ನೇಗ್ಲೆಲ್ಲ ಮರದ್ಮೇಲ್ ಕುಂತ್ರೆ ನಾನ್ ಯಾರ್ಗೆ ಕುಳ ತಟ್ಲಿ ಗೌಡ, ನಿನ್ ಕೋಳಿಗಾ?"

ನಾನಾಗ ತೊಣ್ಣೂರಿನಲ್ಲಿ ಪಂಡಿತರೊಬ್ಬರ ಬಳಿ ತರ್ಕ ಓದುತ್ತಿದ್ದೆ. ಅಂದು ಊರಿಗೆ ಬಂದಿದ್ದೆ. ಹೊರಡುವಾಗ ಅಣ್ಣ ಹೇಳಿದ: "ಕಾಡಲ್ಲಿ ಕಮ್ಮಾರಂಗೇನ್ ಕೆಲ್ಸ? ಕೊಂಗುನಾಡ್ಗೆ ಓಯ್ತೀನಿ. ನೇಗ್ಲು ಇಳಿಸಿದ್ ದಿನ ಯೋಳ್ಕಳ್ಸು, ಬಂದ್ಬುಡ್ತೀನಿ. ಓಲೆಗರಿ ನೋಡ್ಕಂಡು ಮರ್ತ್ಬುಟ್ಟೀಯೆ ಕಣ್ಲಾ!"

ಮೂರು ತಿಂಗಳಿಗೆ ಕಂದಾಯ ಏರಿಸಿದ್ದ ಅಮಲ್ದಾರ ಬಗ್ಗಿದ. ನೇಗಿಲು ಇಳಿದವು, ಜನ ಬಂದರು. ಅಣ್ಣ ಬರಲಿಲ್ಲ.

ನಾನು ಹೇಳಿಕಳಿಸಿದ್ದೆ. ಎತ್ತುಗಳ ಮೇಲೆ ಬೆಲ್ಲ ಹೇರಿಕೊಂಡು ತೆಂಕಲ ಕೊಂಗುನಾಡಿಗೆ ಹೊರಟಿದ್ದ ವ್ಯಾಪಾರಿಯನ್ನು ತೊಣ್ಣೂರು ಕೆರೆಯ ಏರಿಯ ಮೇಲೆ ನಿಲ್ಲಿಸಿ ಹೇಳಿದೆ. ಎತ್ತಿನ ಕೊಂಬಿನ ಕೆಂಪು ಬಣ್ಣ ಈಗಲೂ ಕಾಣುತ್ತದೆ. ಆದರೆ ಅದೇ ಏರಿಯ ಮೇಲೆ, ಹೊಗೆ ಕಂಡಲ್ಲೆಲ್ಲ ಬೆಂಕಿ ಇದೆಯೇ ಎಂದು ಸಹಪಾಠಿಯೊಡನೆ ವಾದಿಸುತ್ತ, ಆ ಎತ್ತುಗಳಿಗೆ ಸುಮ್ಮನೆ ದಾರಿ ಬಿಟ್ಟು ನಿಂತದ್ದೂ ಕಾಣುತ್ತದೆ. ಎರಡೂ ಅಷ್ಟೇ ನಿಚ್ಚಳ. ಸ್ಮೃತಿ, ಅಂದರೆ ನೆನಪು, ಪ್ರಮಾಣವಲ್ಲ ಎಂದು ಗುರುಗಳು ಹೇಳಿದಾಗ ಎಲ್ಲರಿಗಿಂತ ಜೋರಾಗಿ ಒಪ್ಪಿದವನು ನಾನು.

ಆಮೇಲೆ ನಾನು ಯಾವ ಊರಲ್ಲೂ ನೆಲೆ ನಿಲ್ಲಲಿಲ್ಲ. ಅಣ್ಣ ಕುಲುಮೆಯಲ್ಲಿ ಕಾದು ಬಿಸಿಯೇ ತಾಗದಂತಾಗಿದ್ದ ಕೈಯಿಂದ ಸುಡುವ ಮುದ್ದೆ ಮುರಿದು, ಆರಿಸಿ, ನನ್ನ ಎಲೆಗೆ ಹಾಕುತ್ತಿದ್ದ. ಉಣ್ಣಲು ಕೂತಾಗಲೆಲ್ಲ ಆ ಕೈ ಬೇಕೆನಿಸುತ್ತದೆ.

ಎಷ್ಟೋ ವರ್ಷಗಳ ಮೇಲೆ, ಯುದ್ಧದಲ್ಲಿ ಪಟ್ಟಣದ ಕೋಟೆ ಬಿದ್ದು ದಾರಿಗಳು ತೆರೆದವು. ಮೊನ್ನೆ ಪಾಲಹಳ್ಳಿಯ ಹೊಳೆದಂಡೆಯಲ್ಲಿ ಕೊಂಗುನಾಡಿಗೆ ಹೊರಟವನೊಬ್ಬ ಸಿಕ್ಕ. ಎಡಗೈಯಲ್ಲಿ ಸುತ್ತಿಗೆ ಹಿಡಿಯುವ ಕಮ್ಮಾರ ಎಂದು ಗುರುತು ಹೇಳಿದೆ. ತಮ್ಮ ಕಾಯುತ್ತಿದ್ದಾನೆ, ಬಾ ಎಂದು ಹೇಳು ಎಂದೆ. ಹರಿಗೋಲಿನ ಅಂಬಿಗ ಕಾಯುತ್ತಿರುವಾಗಲೇ ಅವನ ಬಾಯಿಂದ ಅದನ್ನು ಮತ್ತೆ ಮತ್ತೆ ಹೇಳಿಸಿದೆ.

"ಅಯ್ಯೋ ಸ್ವಾಮಿ, ಮೂರ್ ಸಲ ಆಯ್ತು. ನನ್ ಎತ್ಗೂ ಬಾಯ್ಪಾಠ ಆಗೋಯ್ತು!"

ಅವನನ್ನು ಆಚೆ ದಡಕ್ಕೆ ಬಿಟ್ಟು ಹರಿಗೋಲು ಮರಳಿತು. ನಾನು ಇನ್ನೂ ಅಲ್ಲೇ ನಿಂತಿದ್ದೆ.

"ನಾನು ಅವನಿಗೆ ಹೇಳಿದ್ದನ್ನು ನೀನೂ ಕೇಳಿಸಿಕೊಂಡೆಯಲ್ಲ?" ಎಂದು ಅಂಬಿಗನನ್ನು ಕೇಳಿದೆ.

"ಕೇಳ್ದೆ ಬುಡಿ," ಎಂದ.