ಹನ್ನೊಂದು ಉತ್ತರಪತ್ರಿಕೆಗಳ ನಾಲ್ಕನೆಯ ಸಾಲು

1978ರಲ್ಲಿ ನಾನು ಕುರುಗೋಡಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕಿಯಾಗಿದ್ದೆ. ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಆ ವರ್ಷದ ಏಪ್ರಿಲ್ ಕೊನೆಯಲ್ಲಿ ಹತ್ತನೆಯ ತರಗತಿಯ ಪರೀಕ್ಷೆಯ ಮೌಲ್ಯಮಾಪನಕ್ಕೆ ಬಳ್ಳಾರಿಗೆ ಬರಬೇಕೆಂದು ಆದೇಶ ಬಂತು. ಮೊದಲ ಸಲದ ಕರೆ, ಹಿಗ್ಗಿಹೋದೆ. ಬಳ್ಳಾರಿ ನನ್ನ ತವರೂ ಹೌದು. ಶಿಬಿರ ಮುಗಿಯುವತನಕ ಅವ್ವನ ಮನೆಯಲ್ಲಿ ಉಳಿಯಬಹುದಿತ್ತು. ಆ ಶಿಬಿರದಲ್ಲಿ ನಾನು ಮಾಡಿದ ಕೆಲಸವನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಮೊದಲ ಸಿಟ್ಟು ನನ್ನ ಮೇಲೆ, ಆಮೇಲಿನದು ಉಳಿದವರ ಮೇಲೆ. ಓದುವವರು ಈ ಕ್ರಮವನ್ನು ಮರೆಯಬಾರದು.

ಮೌಲ್ಯಮಾಪನವೆಂದರೆ ಏನೋ ಪಾಂಡಿತ್ಯದ ಕೆಲಸ ಎಂದುಕೊಂಡಿದ್ದೆ. ಅಲ್ಲಿ ನಡೆಯುತ್ತಿದ್ದುದು ಬೇರೆ. ಹತ್ತು ಜನರಿಗೊಂದು ಉದ್ದನೆಯ ಮೇಜು, ತಲೆಯ ಮೇಲೆ ಬಿಸಿಗಾಳಿ ಬೀಸುವ ಫ್ಯಾನು, ಒಬ್ಬೊಬ್ಬರಿಗೆ ದಿನಕ್ಕೆ ನಲವತ್ತು ಪತ್ರಿಕೆ. ಎದುರಿಗೆ ‘ಸ್ಕೀಮ್’ ಎನ್ನುವ ಮಾದರಿ ಉತ್ತರಗಳ ಹಾಳೆ. ಅದರಲ್ಲಿದ್ದರೆ ಅಂಕ, ಇಲ್ಲದಿದ್ದರೆ ಸೊನ್ನೆ. ನಮ್ಮ ಮೇಜಿಗೆ ಮುಖ್ಯ ಮೌಲ್ಯಮಾಪಕರಾಗಿದ್ದವರು ಹಂಪಯ್ಯ ಎಂಬ ಹಿರಿಯ ಅಧ್ಯಾಪಕರು. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವರು, ಪತ್ರಿಕೆಯ ಪುಟ ತಿರುವುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

ಆ ವರ್ಷ ಮೂರು ಅಂಕದ ಒಂದು ಪ್ರಶ್ನೆ ಇತ್ತು: ಉಪಮಾಲಂಕಾರವನ್ನು ಉದಾಹರಣೆಯೊಡನೆ ವಿವರಿಸಿ. ಶಾಲೆ ಬಿಟ್ಟು ಬಹಳ ವರ್ಷವಾದವರಿಗಾಗಿ ಹೇಳುತ್ತೇನೆ. ಒಂದನ್ನು ಇನ್ನೊಂದಕ್ಕೆ ಹೋಲಿಸಿ ಹೇಳುವುದೇ ಉಪಮೆ. ಅದಕ್ಕೆ ನಾಲ್ಕು ಅಂಗ. ಯಾವುದನ್ನು ಹೋಲಿಸುತ್ತೇವೋ ಅದು ಉಪಮೇಯ. ಯಾವುದಕ್ಕೆ ಹೋಲಿಸುತ್ತೇವೋ ಅದು ಉಪಮಾನ. ‘ಅಂತೆ’, ‘ಹಾಗೆ’ ಎಂಬಂಥ ಮಾತು ಉಪಮಾವಾಚಕ. ಎರಡಕ್ಕೂ ಸೇರಿದ ಗುಣ ಸಮಾನಧರ್ಮ. ಮಕ್ಕಳು ಮೊದಲು ಉದಾಹರಣೆಯನ್ನು ಬರೆದು, ಅದರ ಕೆಳಗೆ ಈ ನಾಲ್ಕನ್ನೂ ನಾಲ್ಕು ಸಾಲಿನಲ್ಲಿ ಬಿಡಿಸಿ ತೋರಿಸಬೇಕಿತ್ತು.

ಸ್ಕೀಮಿನಲ್ಲಿದ್ದ ಉದಾಹರಣೆ ಎಲ್ಲರಿಗೂ ಗೊತ್ತಿರುವುದೇ. ಮುಖವು ಚಂದ್ರನಂತೆ ಮನೋಹರವಾಗಿದೆ. ಉಪಮೇಯ ಮುಖ, ಉಪಮಾನ ಚಂದ್ರ, ವಾಚಕ ಅಂತೆ, ಸಮಾನಧರ್ಮ ಮನೋಹರತೆ. ನಾಲ್ಕು ದಿನ ಬೆಳಗಿನಿಂದ ಸಂಜೆತನಕ ಆ ಚಂದ್ರನಿಗೆ ಮೂರು ಮೂರು ಅಂಕ ಹಾಕಿದೆ. ನೂರಕ್ಕೂ ಹೆಚ್ಚು ಮಕ್ಕಳು ಅಕ್ಷರ ಬಿಡದೆ ಅದನ್ನೇ ಬರೆದಿದ್ದರು. ನಾನೂ ಕುರುಗೋಡಿನಲ್ಲಿ ಅದನ್ನೇ ಬಾಯಿಪಾಠ ಮಾಡಿಸಿ ಬಂದವಳು.

ಐದನೆಯ ದಿನ ಸಿರುಗುಪ್ಪ ತಾಲ್ಲೂಕಿನ ಒಂದು ಬಂಡಲು ಬಂತು. ಒಂದು ಪತ್ರಿಕೆಯಲ್ಲಿ ಹೀಗಿತ್ತು: ‘ಕಾಲುವೆಯ ನೀರು ತವರಿಗೆ ಬಂದ ಮಗಳಂತೆ ಬಂತು.’ ಚೆನ್ನಾಗಿದೆಯಲ್ಲ ಎನ್ನಿಸಿತು. ಮುಂದಿನ ಪತ್ರಿಕೆಯಲ್ಲೂ ಅದೇ ವಾಕ್ಯ. ಅದರ ಮುಂದಿನದರಲ್ಲೂ ಅದೇ. ನೋಂದಣಿ ಸಂಖ್ಯೆಗಳು ಒಂದರ ಹಿಂದೆ ಒಂದರಂತೆ, ಒಂದೇ ಶಾಲೆಯ ಹನ್ನೊಂದು ಮಕ್ಕಳು, ಹನ್ನೊಂದರಲ್ಲೂ ತವರಿಗೆ ಬಂದ ಮಗಳು. ಪತ್ರಿಕೆಗಳನ್ನು ಎತ್ತಿಕೊಂಡು ಹಂಪಯ್ಯನವರ ಬಳಿ ಹೋದೆ.

ಅವರು ಮೊದಲ ಸಾಲನ್ನಷ್ಟೇ ನೋಡುತ್ತಾ ಹನ್ನೊಂದನ್ನೂ ತಿರುವಿದರು. “ಪುಸ್ತಕದಾಗಿಂದು ಸಾವಿರ ಮಂದಿ ಒಂದ ನಮೂನಿ ಬರೀಲಿ, ಅದು ಓದಿದ್ದು. ಪುಸ್ತಕದ ಹೊರಗಿಂದು ಇಬ್ಬರು ಒಂದ ನಮೂನಿ ಬರದ್ರ ಅದು ಕಾಪಿ. ಸೊನ್ನಿ ಹಾಕ್ರಿ, ಚೀಟಿ ಬರೀರಿ, ಸಹಿ ಮಾಡ್ರಿ” ಎಂದರು.

ಮಾಡಿದೆ. ಹನ್ನೊಂದು ಸೊನ್ನೆ, ಹನ್ನೊಂದು ಸಹಿ, ‘ಸಾಮೂಹಿಕ ನಕಲಿನ ಶಂಕೆ’ ಎಂದು ನನ್ನ ಕೈಬರಹದ ಒಂದು ಚೀಟಿ. ಬಂಡಲಿಗೆ ಕೆಂಪು ದಾರ ಕಟ್ಟಿ ಬೇರೆ ಇಟ್ಟರು. ಹೊಸಬಳಾದರೂ ನಕಲು ಹಿಡಿದೆನೆಂದು ಮೇಜಿನವರೆಲ್ಲ ಹೊಗಳಿದರು. ಅವತ್ತು ಸಂಜೆ ಅವ್ವನ ಮುಂದೆಯೂ ಕೊಚ್ಚಿಕೊಂಡೆ. ಶಿಬಿರ ಮುಗಿದು ಕುರುಗೋಡಿನ ಬಸ್ಸಿಗೆ ಹೊರಟಾಗ ಅವ್ವ ಬಾಗಿಲಲ್ಲಿ ನಿಂತು, “ಬಂದಿದ್ದ ಗೊತ್ತಾಗ್ಲಿಲ್ಲ, ಹೊಂಟ ನಿಂತಿ ನೋಡು” ಎಂದಳು. ಅದನ್ನು ಕೇಳಿಯೂ ನನಗೆ ಏನೂ ಹೊಳೆಯಲಿಲ್ಲ.

ಫಲಿತಾಂಶ ಬಂದಾಗ ಆ ಹನ್ನೊಂದು ಮಕ್ಕಳದು ತಡೆಹಿಡಿಯಲ್ಪಟ್ಟಿತು. ಜುಲೈ ಮೂರನೆಯ ವಾರದಲ್ಲಿ ವಿಚಾರಣೆ ಇಟ್ಟರು. ವಿಚಾರಣೆ ಮಾಡುವವರು ಹಂಪಯ್ಯನವರೇ. ಚೀಟಿ ಬರೆದವಳು ಹಾಜರಿರಬೇಕೆಂದು ನನ್ನನ್ನೂ ಕರೆಸಿದರು. ತೆಕ್ಕಲಕೋಟೆಯತನಕ ಬಸ್ಸು, ಅಲ್ಲಿಂದ ಜೀಪು. ಆ ಮಕ್ಕಳ ಶಾಲೆ ಇದ್ದದ್ದು ಕಾಲುವೆಯ ಕಟ್ಟಕಡೆಯ ಊರಿನಲ್ಲಿ. ಮೇಲಿನ ಊರುಗಳ ಗದ್ದೆಗಳೆಲ್ಲ ಕುಡಿದು ಮಿಕ್ಕಿದ ಮೇಲೆ ಅಲ್ಲಿಗೆ ನೀರು. ಸರದಿಯ ಪ್ರಕಾರ ನಾಲ್ಕು ದಿನ ಹರಿದು ನಿಂತುಬಿಡುತ್ತದೆ. ನಾವು ಹೋದಾಗ ಆ ವರ್ಷದ ನೀರು ಇನ್ನೂ ಮುಟ್ಟಿರಲಿಲ್ಲ. ಭತ್ತದ ಸಸಿಮಡಿಗಳು ಸಿದ್ಧವಾಗಿದ್ದವು, ನಾಟಿ ಹಚ್ಚುವ ಹೆಂಗಸರು ಕೆಲಸವಿಲ್ಲದೆ ಶಾಲೆಯ ಕಾಂಪೌಂಡಿನ ಬೇವಿನ ಮರದ ಕೆಳಗೆ ಕೂತಿದ್ದರು. ಒಳಗೆ ಅವರ ಮಕ್ಕಳ ವಿಚಾರಣೆ.

ಆ ಶಾಲೆಯಲ್ಲಿ ಡಿಸೆಂಬರಿನಿಂದ ಕನ್ನಡಕ್ಕೆ ಅಧ್ಯಾಪಕರೇ ಇರಲಿಲ್ಲ. ಗಣಿತದ ಮೇಷ್ಟ್ರು ಪಾಠ ಮುಗಿಸಿದ್ದರು. ಅವರು ಕೈಕಟ್ಟಿ ನಿಂತು ಹೇಳಿದರು: “ನನಗ ಅಲಂಕಾರ ಗಿಲಂಕಾರ ಬರಂಗಿಲ್ರಿ. ನಿಮ್ಮನ್ಯಾಗ ಮಾತಾಡುವಾಗ ಒಂದಕ್ಕ ಒಂದು ಹೋಲಿಸ್ತಾರಲ್ಲ, ಅಂಥಾದ್ದೊಂದು ಹೇಳ್ರಿ ಅಂದೆ. ಎಲ್ರೂ ಇದನ್ನ ಅಂದ್ರು. ಮುಂದಿಂದು ನೀವ ವಿಚಾರ ಮಾಡಿ ಬರೀರಿ ಅಂತ ಬಿಟ್ಟೆ.”

“ಪರೀಕ್ಷಾದಾಗೂ ನೀವ ಹೇಳಿಕೊಟ್ಟಿರಬೇಕು” ಎಂದರು ಹಂಪಯ್ಯ. ಮೇಷ್ಟ್ರ ಮುಖ ಕಪ್ಪಿಟ್ಟಿತು.

ಆಮೇಲೆ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದರು. ನಾಲ್ಕನೆಯವಳು ನೀಲಮ್ಮ. ಉಳಿದ ವಿಷಯಗಳಲ್ಲಿ ಶಾಲೆಗೇ ಹೆಚ್ಚು ಅಂಕ ಅವಳದು. ಬಳ್ಳಾರಿಯಲ್ಲಿ ಶಿಕ್ಷಕರ ತರಬೇತಿಗೆ ಅರ್ಜಿ ಹಾಕಿದ್ದಳು. ಜುಲೈ ಮುಗಿಯುವುದರೊಳಗೆ ಅಂಕಪಟ್ಟಿ ಕೊಡದಿದ್ದರೆ ಸೀಟು ಇಲ್ಲ. ಅದಕ್ಕೆ ಉಳಿದಿದ್ದುದು ಹತ್ತೇ ದಿನ. ಗಣಿತದ ಮೇಷ್ಟ್ರು ಇದನ್ನು ಎರಡು ಸಲ ಹೇಳಿದರು, ಹಂಪಯ್ಯ ಎರಡು ಸಲವೂ ಕೇಳಿಸಿಕೊಳ್ಳಲಿಲ್ಲ.

“ಯಾರ್ದು ನೋಡಿ ಬರದಿ?”

“ಯಾರ್ದೂ ನೋಡಿಲ್ರಿ. ನಮ್ಮೂರಾಗ ಎಲ್ರೂ ಹಂಗ ಅಂತಾರ.”

“ಪುಸ್ತಕದಾಗ ಚಂದ್ರ ಇದ್ದ, ಅವನ್ನ ಬಿಟ್ಟು ಹನ್ನೊಂದು ಮಂದಿಗೆ ಒಮ್ಮೆಲೆ ತವರುಮನಿ ನೆನಪಾತೇನು?”

ತಪ್ಪೊಪ್ಪಿಗೆಯ ಕಾಗದಕ್ಕೆ ಸಹಿ ಮಾಡಿದರೆ ಮುಂದಿನ ಪರೀಕ್ಷೆಗೆ ಕೂರಲು ಬಿಡುವುದಾಗಿ ಹಂಪಯ್ಯ ಹೇಳಿದರು. ನೀಲಮ್ಮ ಪೆನ್ನು ಮುಟ್ಟಲಿಲ್ಲ. ಅವಳ ಮೊಂಡುತನಕ್ಕೆ ನನಗೇ ಬೇಸರ ಬಂತು. ಎಂಥ ಮೂರ್ಖಳಿದ್ದೆ ನಾನು ಎಂಬುದಕ್ಕೆ ಇದನ್ನೂ ಬರೆಯುತ್ತಿದ್ದೇನೆ.

ನೀರು ಕುಡಿಯಲು ಹೊರಗೆ ಬಂದೆ. ಅಷ್ಟರಲ್ಲಿ ಕಾಲುವೆಯ ಕಡೆಯಿಂದ ಯಾರೋ ಕೂಗಿದರು. ಬೇವಿನ ಮರದ ಕೆಳಗಿನ ಹೆಂಗಸರೆಲ್ಲ ಒಟ್ಟಿಗೆ ಎದ್ದರು. ನನ್ನ ಪಕ್ಕದಲ್ಲಿದ್ದ ಒಬ್ಬಾಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ, “ಬಂತಾ? ಅಂತೂ ತವರಿಗೆ ಬಂದ ಮಗಳಂಗ ಬಂತು ಬಿಡು” ಎಂದಳು. ದೂರದಲ್ಲಿದ್ದ ಮುದುಕಿ, “ಹೂನವ್ವಾ, ಮಗಳು ಬಂದ್ಲು, ಏಳ್ರಿ” ಎಂದಳು. ಅವರಿಗೆ ಅದು ಅಲಂಕಾರವೆಂದೇ ಗೊತ್ತಿರಲಿಲ್ಲ. ದಿನಬಳಕೆಯ ಮಾತು. ಮೊದಲು ಮಾತಾಡಿದಾಕೆ ನೀಲಮ್ಮನ ತಾಯಿ ಎಂದು ಆಮೇಲೆ ತಿಳಿಯಿತು. ನೀರು ಬಂದರೂ ಅವಳು ಮಾತ್ರ ಗದ್ದೆಗೆ ಹೋಗದೆ ಮಗಳಿಗಾಗಿ ಅಲ್ಲೇ ನಿಂತಳು.

ಒಳಗೆ ಹೋಗಿ, ಮೇಜಿನ ಮೇಲಿದ್ದ ಕೆಂಪು ದಾರದ ಬಂಡಲನ್ನು ಕೇಳದೆಯೇ ಬಿಚ್ಚಿದೆ. ಏಪ್ರಿಲಿನಲ್ಲಿ ಓದದೇ ಬಿಟ್ಟದ್ದನ್ನು ಆಗ ಓದಿದೆ. ವಾಕ್ಯ ಒಂದೇ, ನಿಜ. ಉಪಮೇಯ, ಉಪಮಾನ, ವಾಚಕ ಒಂದೇ. ನಾಲ್ಕನೆಯ ಸಾಲು, ಸಮಾನಧರ್ಮ, ಹನ್ನೊಂದರಲ್ಲಿ ಹನ್ನೊಂದು ಬಗೆ.

ಒಬ್ಬ ಬರೆದಿದ್ದ: ಬಂದ ದಿನ ಮನೆಯವರೆಲ್ಲ ಓಡಾಡುತ್ತಾರೆ. ಇನ್ನೊಬ್ಬ: ದಾರಿ ನೋಡಿ ನೋಡಿ ಕಣ್ಣು ಸೋತ ಮೇಲೆ ಬರುವುದು. ಒಬ್ಬಳು: ದಾರಿಯಲ್ಲಿ ಸೊರಗಿ ಬಂದಿರುತ್ತಾಳೆ. ಮತ್ತೊಬ್ಬ: ಬರುವಾಗ ದೊಡ್ಡಮನೆಯವರು ಬಿಟ್ಟರೆ ತಾನೆ. ಈ ಹುಡುಗ ಮೇಲಿನ ಊರಿನ ದೊಡ್ಡ ರೈತರನ್ನೂ ಗಂಡನ ಮನೆಯವರನ್ನೂ ಒಂದೇ ಸಾಲಿಗೆ ತಂದಿದ್ದ. ನೀಲಮ್ಮನ ಸಾಲು: ಬಂದಳೆಂದು ತಿಳಿಯುವಷ್ಟರಲ್ಲಿ ಹೋಗುವ ದಿನ.

ಅವ್ವ ಬಾಗಿಲಲ್ಲಿ ನಿಂತು ಹೇಳಿದ್ದೂ ಅದೇ. ತವರಿಗೆ ಬಂದ ಮಗಳಾಗಿಯೇ, ತವರಿನ ಅನ್ನ ಉಂಡು ಹೋಗಿ, ನಾನು ಆ ಸಾಲಿನ ಪಕ್ಕದಲ್ಲಿ ಸೊನ್ನೆ ಸುತ್ತಿದ್ದೆ.

“ಸರ್, ಇದು ಕಾಪಿ ಅಲ್ಲ. ನಾಕನೇ ಸಾಲು ಓದ್ರಿ” ಎಂದೆ. ಅವರು ಓದಲಿಲ್ಲ. “ಸಹಿ ನಿಮ್ಮದು. ಈಗ ಚೀಟಿ ವಾಪಸು ತಗೊಂಡ್ರ ಮೆಮೋ ನಿಮಗ ಬರ್ತೈತಿ” ಎಂದರು.

“ಬರ್ಲಿ. ಆ ಚಂದ್ರನ್ನ ಬರದ ನೂರಾರು ಹುಡುಗರಿಗೆ ನಾಕನೇ ಸಾಲೂ ಒಂದ ಇತ್ತು. ಅದು ಕಾಪಿ ಅಲ್ಲ, ಇದು ಕಾಪಿ?” ನನ್ನ ದನಿ ಹೊರಗಿನವರಿಗೂ ಕೇಳಿಸಿರಬೇಕು. ಹಂಪಯ್ಯ ಕನ್ನಡಕ ತೆಗೆದು ಒರೆಸಿಕೊಂಡು, ಹೆಂಗಸರನ್ನು ಇಂಥ ಕೆಲಸಕ್ಕೆ ಹಾಕಬಾರದೆಂದು ಗಣಿತದ ಮೇಷ್ಟ್ರಿಗೆ ಹೇಳಿದರು.

ಅಲ್ಲೇ ಕೂತು ಹೇಳಿಕೆ ಬರೆದುಕೊಟ್ಟೆ. ಹನ್ನೊಂದು ನಾಲ್ಕನೆಯ ಸಾಲುಗಳನ್ನೂ ನಕಲು ಮಾಡಿ ಲಗತ್ತಿಸಿದೆ. ಎರಡು ದಿನ ಬಿಟ್ಟು ಬಳ್ಳಾರಿಯ ಶಿಕ್ಷಣ ಕಚೇರಿಗೆ ಹೋದೆ, ಮತ್ತೆ ಹೋದೆ. ಫೈಲು ಮೇಲೆ ಹೋಗಿದೆ ಎಂದರು. ಸಾಹೇಬರು ರಜೆ ಎಂದರು. ಜುಲೈ ಮುಗಿಯಿತು. ನೀಲಮ್ಮನ ಸೀಟು ಬೇರೆಯವರಿಗೆ ಹೋಯಿತು. ಸೆಪ್ಟೆಂಬರಿನಲ್ಲಿ ಆದೇಶ ಬಂತು: ನಕಲಿನ ಆರೋಪ ಸಾಬೀತಾಗಿಲ್ಲ, ಫಲಿತಾಂಶ ಪ್ರಕಟಿಸಬಹುದು. ಹನ್ನೊಂದು ಜನರೂ ತೇರ್ಗಡೆ. ಆ ಮೂರು ಅಂಕ ಮಾತ್ರ ಕೊಡಲಿಲ್ಲ, ಉದಾಹರಣೆ ಸ್ಕೀಮಿನಲ್ಲಿ ಇಲ್ಲವಂತೆ. ನನಗೆ ಮೆಮೋ ಬಂತು. ಹಂಪಯ್ಯ ಮರುವರ್ಷವೂ ಮುಖ್ಯ ಮೌಲ್ಯಮಾಪಕರಾದರು.

ಆದೇಶ ಬಂದ ವಾರ ನೀಲಮ್ಮನ ಮನೆಗೆ ಹೋದೆ. ಅವಳು ಗದ್ದೆಯಲ್ಲಿ ಕಳೆ ತೆಗೆಯುತ್ತಿದ್ದಳು. ಬದುವಿನ ಮೇಲೆ ನಿಂತೇ ಕ್ಷಮೆ ಕೇಳಿದೆ, ಬರುವ ವರ್ಷ ಮತ್ತೆ ಅರ್ಜಿ ಹಾಕು ಎಂದೆ. ಕೈಯ ಕೆಸರು ತೊಳೆದುಕೊಂಡು ಬಂದು ಕೇಳಿದಳು:

“ಆ ಪ್ರಶ್ನಿಗೆ ಈಗ ಮಾರ್ಕ್ಸ್ ಎಷ್ಟು ಕೊಟ್ಟಾರ್ರಿ ಅಕ್ಕೋರ?”

“ಸೊನ್ನೆ.”

“ಹಂಗಾರ ಕಾಪಿ ಅಲ್ಲ ಅಂದ್ರಿ. ಸರಿ ಐತಿ ಅಂತ ಇನ್ನೂ ಯಾರೂ ಅಂದಿಲ್ಲ.” ಅವಳ ದನಿಯಲ್ಲಿ ಅಳು ಇರಲಿಲ್ಲ, ಸಿಟ್ಟಿತ್ತು. “ನಾಳೆ ನಾ ಟೀಚರ್ ಆಗಿ ಹುಡುಗರ ಮುಂದ ನಿಂತ್ರ, ಕಾಪಿ ಹೊಡದಾಕಿ ಅಂತಾರ. ಸರಿ ಐತಿ ಅಂತ ಎಲ್ಲರ ಮುಂದ ಅನ್ರಿ. ಆಮ್ಯಾಲ ಅರ್ಜಿ ಮಾತು.”

ಮುಂದಿನ ಸೋಮವಾರ ರಜೆ ಹಾಕಿ ಆ ಶಾಲೆಗೆ ಹೋದೆ. ಗಣಿತದ ಮೇಷ್ಟ್ರು ಎಲ್ಲ ತರಗತಿಗಳನ್ನೂ ಅಂಗಳಕ್ಕೆ ಕರೆದರು. ನಾಟಿ ಹಚ್ಚುವ ಹೆಂಗಸರೂ ಬಂದು ಬೇವಿನ ಮರದ ಕೆಳಗೆ ನಿಂತರು. ಬೋರ್ಡಿನ ಮೇಲೆ ಅವರ ಮಾತನ್ನು ಬರೆದು, ನಾಲ್ಕು ಅಂಗ ಬಿಡಿಸಿ, ನಾಲ್ಕನೆಯ ಸಾಲಿನಲ್ಲಿ ಹನ್ನೊಂದನ್ನೂ ಒಂದರ ಕೆಳಗೊಂದು ಬರೆದೆ. ಇದು ಪೂರ್ತಿ ಸರಿ, ಮೂರಕ್ಕೆ ಮೂರು, ತಪ್ಪು ನನ್ನದು ಎಂದೆ. ನೀಲಮ್ಮನ ಸಾಲನ್ನು ಓದಿದಾಗ ಅವಳ ತಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ನೀಲಮ್ಮ ಹಿಂದೆ, ಗೋಡೆಗೆ ಆತು ನಿಂತಿದ್ದಳು. ಎಲ್ಲ ಮುಗಿದ ಮೇಲೆ ತಲೆಯಾಡಿಸಿ ಹೋದಳು. ಮರುವರ್ಷ ಅರ್ಜಿ ಹಾಕಿದಳು, ಸೀಟು ಸಿಕ್ಕಿತು. ತರಬೇತಿ ಮುಗಿದ ಮೇಲೆ ಕೆಲಸವೂ ಸಿಕ್ಕಿತು, ಬಳ್ಳಾರಿ ಹತ್ತಿರದ ಮೋಕದಲ್ಲಿ.

ಇದನ್ನು ಕೇಳಿದವರು, ಕೊನೆಗೆ ಒಳ್ಳೆಯದೇ ಆಯಿತಲ್ಲ, ಒಂದು ವರ್ಷ ತಾನೆ ಎನ್ನುತ್ತಾರೆ. ಅಂಥವರ ಮೇಲೂ ನನಗೆ ಸಿಟ್ಟು ಬರುತ್ತದೆ. ಹದಿನಾರು ವರ್ಷದ ಹುಡುಗಿ ಕಳ್ಳಿ ಎಂಬ ಹೆಸರು ಹೊತ್ತು, ಓದು ತಪ್ಪಿ ಒಂದು ವರ್ಷ ಕೆಸರಿನಲ್ಲಿ ನಿಂತಿದ್ದಳು. ಅದೂ ತನ್ನ ತಾಯಿಯ ಮಾತನ್ನು ಪರೀಕ್ಷೆಯಲ್ಲಿ ಬರೆದಳೆಂದು.

ಆಮೇಲೆ ಇಪ್ಪತ್ತಾರು ವರ್ಷ ಪಾಠ ಮಾಡಿದೆ. ಉಪಮೆಗೆ ಚಂದ್ರನನ್ನು ಒಮ್ಮೆಯೂ ಬೋರ್ಡಿಗೆ ತರಲಿಲ್ಲ. ಮನೆಯಿಂದ ಒಂದು ಮಾತು ತನ್ನಿ ಎಂದೆ, ತಂದದ್ದನ್ನು ಕೊನೆಯ ಸಾಲಿನತನಕ ಓದಿದೆ. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ: ಮಕ್ಕಳು ಬರೆದದ್ದನ್ನು ಪೂರ್ತಿ ಓದುವವರೆಗೆ ಕೆಂಪು ಪೆನ್ಸಿಲು ಕೆಳಗಿರಬೇಕು. ಕಲಿತದ್ದು ಹನ್ನೊಂದು ಮಕ್ಕಳ ಖರ್ಚಿನಲ್ಲಿ. ಆ ಮೂರು ಅಂಕ ಅವರ ದಾಖಲೆಗೆ ಇವತ್ತಿಗೂ ಸೇರಿಲ್ಲ. ಹನ್ನೊಂದು ಅಂಕಪಟ್ಟಿಗಳಲ್ಲೂ ಕನ್ನಡಕ್ಕೆ ಮೂರು ಕಡಿಮೆ, ಮತ್ತು ಆ ಸಹಿ ನನ್ನದು.