ಮೂರನೆಯ ಮಹಡಿಗೆ ಬೇಕಾದ ಶಕ್ತಿ

ನಾನು ಓದಿದ್ದು ಪುಣೆಯ ಮರಾಠಿ ಮಾಧ್ಯಮದ ಶಾಲೆಯಲ್ಲಿ. ಇಂಗ್ಲಿಷಿನ ಪವರ್‌ಗೆ ನಮ್ಮ ಒಂಬತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿದ್ದ ಹೆಸರು ‘ಶಕ್ತಿ’. ಮಾಡಿದ ಕೆಲಸವನ್ನು ಅದಕ್ಕೆ ಹಿಡಿದ ಹೊತ್ತಿನಿಂದ ಭಾಗಿಸಿದರೆ ಶಕ್ತಿ ಸಿಗುತ್ತದೆ ಎಂಬುದು ನನಗೆ ಬಾಯಿಪಾಠವಾಗಿತ್ತು, ತಲೆಗೆ ಹೋಗಿರಲಿಲ್ಲ. ಮೆಟ್ಟಿಲನ್ನು ಓಡಿ ಹತ್ತಿದರೂ ನಡೆದು ಹತ್ತಿದರೂ ಕೆಲಸ ಒಂದೇ ಎಂದು ಟೀಚರ್ ಹೇಳಿದಾಗ, ಹಾಗಾದರೆ ಓಡಿದವರಿಗೇ ಏಕೆ ಏದುಸಿರು ಬರುತ್ತದೆ ಅನ್ನಿಸಿತ್ತು. ನಮ್ಮ ಮನೆಯ ಕನ್ನಡದಲ್ಲಿ ಶಕ್ತಿ ಅಂದರೆ ಮೈಯಲ್ಲಿನ ಕಸುವು. ಅದಕ್ಕೂ ಗಡಿಯಾರಕ್ಕೂ ಏನು ಸಂಬಂಧವೋ ತಿಳಿಯಲಿಲ್ಲ. ಕೇಳಲು ನಾಚಿಕೆಯಾಗಿ ಸುಮ್ಮನಿದ್ದೆ.

ಆ ದಿನಗಳಲ್ಲೇ ಅಪ್ಪನಿಗೆ ಹೃದಯಾಘಾತವಾಯಿತು. ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಗುಮಾಸ್ತನಾಗಿದ್ದವನು ಕೂತಲ್ಲೇ ಎದೆ ಹಿಡಿದುಕೊಂಡನಂತೆ. ಜೊತೆಯವರು ತಡಮಾಡದೆ ಆಸ್ಪತ್ರೆಗೆ ಸೇರಿಸಿದ್ದರಿಂದ ಉಳಿದ. ಸ್ಟೆಂಟ್ ಹಾಕಿ ಮನೆಗೆ ಕಳಿಸುವಾಗ ಡಾಕ್ಟರು, ಮೆಟ್ಟಿಲು ಹತ್ತಬಹುದು, ಆದರೆ ನಿಧಾನವಾಗಿ, ನಡುನಡುವೆ ಕೂತು ಹತ್ತಬೇಕು ಎಂದರು.

ಪುಣೆಗೆ ಹೊಂದಿಕೊಂಡ ನಿಗಡಿಯಲ್ಲಿ ನಮ್ಮ ಮನೆ ಇದ್ದದ್ದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ. ಲಿಫ್ಟ್ ಇರಲಿಲ್ಲ. ರಿಕ್ಷಾ ಇಳಿದ ಅಪ್ಪ ಮೆಟ್ಟಿಲಿನ ಕಂಬಿ ಹಿಡಿದು ಮೇಲೆ ನೋಡುತ್ತ ನಿಂತುಬಿಟ್ಟ. ಸ್ವಲ್ಪ ದಿನ ತಮ್ಮನ ಮನೆಯಲ್ಲಿರುತ್ತೇನೆ, ಅದು ನೆಲಮಹಡಿಯಲ್ಲಿದೆ ಎಂದ. ಅವ್ವ ಡಾಕ್ಟರ ಮಾತು ನೆನಪಿಸಿದಳು. ಅಪ್ಪನ ಮುಖದಲ್ಲಿ ಅಂಥ ಹೆದರಿಕೆಯನ್ನು ನಾನು ಎಂದೂ ಕಂಡಿರಲಿಲ್ಲ.

“ನನ್ನ ಭಾರ ಅಷ್ಟೇ ಅದ, ಮೆಟ್ಲನೂ ಅಷ್ಟೇ ಅವ,” ಎಂದ. “ಸಾವಕಾಶ ಹತ್ತಿದ್ರ ಏನ್ ಕಡಿಮಿ ಆಗ್ತದ? ಅಷ್ಟು ಶಕ್ತಿ ಇಲ್ಲ ನನ್ನ ಕಡೆ.”

ಅದು ನನ್ನದೇ ಪ್ರಶ್ನೆಯಾಗಿತ್ತು. ಆದರೆ ಅವನ ಬಾಯಲ್ಲಿ ಕೇಳಿದ ಕೂಡಲೇ ಉತ್ತರ ನನಗೆ ಸ್ಪಷ್ಟವಾಗಿ ಕಾಣಿಸಿತು.

“ಕೆಲಸ ಕಡಿಮಿ ಆಗಂಗಿಲ್ಲಪ್ಪ,” ಎಂದೆ. “ಆದ್ರ ಎದಿ ಒಂದೊಂದು ನಿಮಿಷಕ್ಕ ಎಷ್ಟು ದುಡೀಬೇಕಲ್ಲ, ಅದು ಕಡಿಮಿ ಆಗ್ತದ. ನಮ್ಮ ಪುಸ್ತಕದಾಗ ಅದಕ್ಕೇ ಶಕ್ತಿ ಅಂತಾರ. ನೀ ಹೊತ್ತು ಜಾಸ್ತಿ ತಗೋ, ಶಕ್ತಿ ಸ್ವಲ್ಪೇ ಸಾಕಾಗ್ತದ.”

ಅಪ್ಪ ನನ್ನನ್ನೇ ನೋಡಿದ. ಆಮೇಲೆ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ.

ಅವ್ವ ಪಕ್ಕದ ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಸ್ಟೂಲು ಕೇಳಿ ತಂದಳು. ನಾಲ್ಕಾರು ಮೆಟ್ಟಿಲು ಹತ್ತುವುದು, ನಿಲ್ಲುವುದು. ತಿರುವು ಬಂದಲ್ಲಿ ಸ್ಟೂಲು ಹಾಕಿ ಕೂರುವುದು. ಅಪ್ಪ ಎದ್ದಾಗಲೆಲ್ಲ ನಾನು ಅವನ ಉಸಿರಿನ ಸದ್ದಿಗೆ ಕಿವಿಗೊಡುತ್ತಿದ್ದೆ. ಅದು ಎಲ್ಲೂ ಏರಲಿಲ್ಲ. ಎರಡನೆಯ ಮಹಡಿಯಲ್ಲಿ ಬಾಗಿಲು ತೆರೆದ ಅಜ್ಜಿಯೊಬ್ಬರು ಮರಾಠಿಯಲ್ಲಿ ಆರೋಗ್ಯ ವಿಚಾರಿಸಿದರು. ಅಪ್ಪ ಸ್ಟೂಲಿನ ಮೇಲೆ ಕೂತೇ ಅವರ ಮೊಮ್ಮಗಳ ಮದುವೆಯ ಸುದ್ದಿಯನ್ನೆಲ್ಲ ಕೇಳಿದ. ಆಗಲೇ ನನ್ನ ಅರ್ಧ ಭಯ ಹೋಯಿತು.

ಮನೆಯೊಳಗೆ ಬಂದು ಅವನು ಮಂಚದ ಮೇಲೆ ಕೂತ ಮೇಲೆ ಅವ್ವ ಅಡುಗೆಮನೆಗೆ ಹೋದಳು. ಆಸ್ಪತ್ರೆಯಲ್ಲಿ ಒಮ್ಮೆಯೂ ಅಳದವಳು ಒಲೆಯ ಮುಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು, ಆಮೇಲೆ ನನ್ನನ್ನು ನೋಡಿ ನಕ್ಕಳು. ಹೊರಗೆ ಅಪ್ಪ ಅಂಗಡಿಯ ಮಾಲೀಕರಿಗೆ ಫೋನು ಹಚ್ಚಿದ್ದ. ಮೊದಲೆಲ್ಲ ಎರಡೆರಡು ಮೆಟ್ಟಿಲು ಒಟ್ಟಿಗೆ ಹಾರಿ ಬರುತ್ತಿದ್ದವನು ಈಗ ದೊಡ್ಡದೇನನ್ನೋ ಗೆದ್ದವನ ಹಾಗೆ ಹೇಳುತ್ತಿದ್ದ: “ಹೌದ್ರಿ, ನಾನೇ ಹತ್ತಿ ಬಂದೆ. ಅರ್ಧ ತಾಸು ತಗೊಂಡೆ ನೋಡ್ರಿ.”