ಗಾಡಿ ಕಾಯ್ಲಿ

ಕಾಯುವುದು ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ನೀರು ಕಾಯಲಿ, ಹೆಂಚು ಕಾಯಲಿ, ನನ್ನ ತಕರಾರಿಲ್ಲ. ಆದರೆ ಚಳಿ ಬಿತ್ತೆಂದರೆ ನಮ್ಮ ಮನೆಯವರ ಕಾರು ಕಾಯಬೇಕು, ಅದು ಕಾಯುವ ತನಕ ನಾವೂ ಕಾಯಬೇಕು. ಮಾತು ಒಂದೇ. ಸುಖ ಕಾರಿಗೆ, ಹೊಗೆ ನಮಗೆ.

ಬನಹಟ್ಟಿಯಲ್ಲಿ ನಮ್ಮದು ನೇಕಾರರ ಮನೆ. ಹಿಂದೆ ಮಗ್ಗದ ಶೆಡ್ಡು, ಮುಂದೆ ಸಣ್ಣ ಅಂಗಳ. ನನ್ನ ಮಾವನವರು ಇದ್ದಾಗ, ಚಳಿಗಾಲದ ಬೆಳಿಗ್ಗೆ ಪಾವರ್‌ಲೂಮಿನ ಮೋಟಾರನ್ನು ಸ್ವಲ್ಪ ಹೊತ್ತು ಖಾಲಿ ತಿರುಗಿಸಿ ಆಮೇಲೆ ಮಗ್ಗಕ್ಕೆ ಹಚ್ಚುತ್ತಿದ್ದರು. ಎಣ್ಣೆ ಗಟ್ಟಿಯಾಗಿರುತ್ತದೆ, ಒಮ್ಮೆಲೇ ಹಚ್ಚಿದರೆ ಎಳೆ ಹರಿಯುತ್ತವೆ ಎನ್ನುತ್ತಿದ್ದರು. ಮಗ್ಗಕ್ಕೆ ಅದು ಸರಿಯೇ ಇದ್ದೀತು. ನಮ್ಮ ಮನೆಯವರು ಡೀಸೆಲ್ ಕಾರು ತಂದ ದಿನ ಆ ಪಾಠವನ್ನು ಹಾಗೇ ಎತ್ತಿ ಕಾರಿಗೆ ಕಟ್ಟಿದರು. ಇವರ ಕಣ್ಣಿಗೆ ಅದೂ ಒಂದು ಮಗ್ಗವೇ, ನಾಲ್ಕು ಗಾಲಿ ಇದ್ದದ್ದು.

ಸೀರೆ ತೆಗೆದುಕೊಂಡು ಜಮಖಂಡಿಗೋ ಮುಧೋಳಕ್ಕೋ ಹೊರಡುವ ದಿನ ಬೆಳಿಗ್ಗೆ ಕೀಲಿ ತಿರುಗಿಸಿ, ಇಂಜಿನ್ ಚಾಲೂ ಮಾಡಿ, ಇವರು ಸ್ನಾನಕ್ಕೆ ನಡೆಯುವುದು. ಸ್ನಾನ, ಪೂಜೆ, ಚಹಾ ಎಲ್ಲ ಮುಗಿಯುವ ತನಕ ಅಂಗಳದಲ್ಲಿ ಅದು ಗುರುಗುಡುತ್ತ ನಿಂತಿರಬೇಕು. ಕಾರಿನ ಮುಖ ರಸ್ತೆಗೆ, ಹಿಂಭಾಗ ಮನೆಗೆ. ಸೈಲೆನ್ಸರ್ ಸರಿಯಾಗಿ ನಮ್ಮ ಅತ್ತೆ ಮಲಗುವ ಖೋಲಿಯ ಕಿಟಕಿಗೆ. ಅತ್ತೆಯ ಎದೆ ಮೊದಲೇ ಹಣ್ಣಾದದ್ದು. ಮದುವೆಯಾಗಿ ಬಂದಾಗಿನಿಂದ ರಾಟೆಯ ಮುಂದೆ ಕೂತು ನೂಲು ಸುತ್ತಿದವರು, ಹತ್ತಿಯ ಧೂಳು ಕುಡಿದವರು. ದಿಂಬಿನ ಕೆಳಗೆ ಉಸಿರಿನ ಪಂಪು ಇಟ್ಟುಕೊಂಡೇ ಮಲಗುತ್ತಾರೆ.

ನಾನು ಹೇಳಿ ಹೇಳಿ ಸೋತೆ. ಜಮಖಂಡಿಯ ಮೆಕ್ಯಾನಿಕ್ ಒಬ್ಬನನ್ನು ಇವರ ಎದುರಿಗೇ ಕೇಳಿದೆ.

"ಅರ್ಧಾ ಮಿನಿಟು ಸಾಕ್ರೀ ಅಕ್ಕಾರ. ಆಮ್ಯಾಲ ಸಾವಕಾಶ ಹೊಡ್ಕೋತ ಹೋದ್ರ ತಾನ ಕಾಯ್ತೈತಿ. ನಿಂದರಿಸಿ ಕಾಸಿದ್ರ ಡೀಜಲ್ ಅಷ್ಟ ಸುಡ್ತೈತಿ," ಎಂದ.

ಮನೆಗೆ ಬಂದ ಮೇಲೆ ಇವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತ, "ಅಂವಗೇನ ಗೊತ್ತೈತಿ? ಅಂವೇನ ಮಗ್ಗಾ ನಡಿಸ್ಯಾನ?" ಎಂದರು.

ಇಂಥವರಿಗೆ ಏನು ಹೇಳುವುದು? ನಮ್ಮೂರಿನ ಚಳಿ ಎಂಥದ್ದು? ಎರಡು ತಿಂಗಳು ಕಂಬಳಿ ಹೊದೆಯುತ್ತೇವೆ, ಬಿಸಿಲೇರಿದರೆ ಬೆವರುತ್ತೇವೆ. ಹಿಮ ಬೀಳುವ ಊರಿನವರ ಹಾಗೆ ಇವರ ಆಟ.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಅತ್ತೆಗೆ ಉಸಿರು ಸಿಗದಾಯಿತು. ಪಂಪು ಹೊಡೆದರೂ ಉಬ್ಬಸ ಇಳಿಯಲಿಲ್ಲ. ತುಟಿ ಕಪ್ಪಾಗಿತ್ತು. ಇಬ್ಬರೂ ಎತ್ತಿಕೊಂಡು ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದೆವು. ನಾನು ಅವರ ಬೆನ್ನು ಹಿಡಿದುಕೊಂಡೆ. ಇವರು ಇಂಜಿನ್ ಚಾಲೂ ಮಾಡಿದರು. ಮಾಡಿ, ಸ್ಟೇರಿಂಗ್ ಮೇಲೆ ಕೈಯಿಟ್ಟು ಸುಮ್ಮನೆ ಕೂತರು.

"ನಡೀರಿ! ಏನ್ ನೋಡಾಕತ್ತೀರಿ?"

"ಎರಡ ಮಿನಿಟು. ಗಾಡಿ ಕಾಯ್ಲಿ."

ಹಡೆದ ತಾಯಿ ಹಿಂದೆ ಒದ್ದಾಡುತ್ತಿದ್ದಾಳೆ, ಇವರಿಗೆ ಎಣ್ಣೆಯ ಚಿಂತೆ. ಹಿಂದಿನಿಂದ ಅವರ ಹೆಗಲಿಗೆ ಗುದ್ದಿದೆ. ಮದುವೆಯಾದಾಗಿನಿಂದ ನಾನು ಇವರ ಮೇಲೆ ಕೈ ಮಾಡಿದ್ದು ಅದೊಂದೇ ಸಲ. ನಾಚಿಕೆ ಏನೂ ಇಲ್ಲ. ಕಾರು ಜಿಗಿದು ಹೊರಟಿತು. ಜಮಖಂಡಿಯ ತನಕ ಎಲ್ಲೂ ಕೆಮ್ಮಲಿಲ್ಲ, ನಿಲ್ಲಲಿಲ್ಲ. ಕೆಮ್ಮಿದ್ದು ಅತ್ತೆ ಒಬ್ಬರೇ.

ದವಾಖಾನೆಯಲ್ಲಿ ಆಮ್ಲಜನಕ ಹಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಮಾತಾಡುವಷ್ಟು ಚೇತರಿಸಿಕೊಂಡರು. ಡಾಕ್ಟರು ಬಂದು, ಮನೆಯಲ್ಲಿ ಹೊಗೆ ಎಲ್ಲಿಂದ ಬರುತ್ತದೆ ಎಂದು ಕೇಳಿದರು.

"ಒಲಿ ಹೊಗಿರಿ," ಎಂದರು ಅತ್ತೆ, ನಾನು ಬಾಯಿ ತೆರೆಯುವ ಮೊದಲೇ.

ನಮ್ಮ ಮನೆಯಲ್ಲಿ ಒಲೆ ಉರಿದು ಎಷ್ಟು ಕಾಲವಾಯಿತೋ. ಅಡಿಗೆ ಗ್ಯಾಸಿನ ಮೇಲೆ. ಇವರು ನೆಲ ನೋಡುತ್ತ ನಿಂತರು. ತಾಯಿ ಮಗನ ಮಾನ ಕಾಯುತ್ತಿದ್ದಾಳೆಂದು ಇವರಿಗೆ ಗೊತ್ತಿತ್ತು.

"ಒಲಿ ಇಲ್ಲರೀ ಸರ್. ಇವರ ಗಾಡಿ ಹೊಗಿ. ದಿನಾ ಮುಂಜಾನಿ ಕಿಟಕಿ ಬುಡಕ ಬಿಡ್ತಾರ," ಎಂದು ನಾನೇ ಹೇಳಿದೆ.

ಡಾಕ್ಟರು ಇವರನ್ನು ಹೊರಗೆ ಕರೆದು ಏನು ಹೇಳಿದರೋ, ಒಳಗೆ ಬಂದಾಗ ಮುಖ ಇಳಿದಿತ್ತು. ಮನೆಗೆ ಬಂದ ಮರುದಿನ ಸೀರೆಯ ಗಂಟು ಹಾಕಿಕೊಂಡು ಕಾರು ಚಾಲೂ ಮಾಡಿದವರೇ ಹೊರಟುಬಿಟ್ಟರು. ನಾನು ಗೆದ್ದೆ ಅಂದುಕೊಂಡು ಅತ್ತೆಗೆ ಚಹಾ ಒಯ್ದೆ. ಅವರು ಬಟ್ಟಲು ಮುಟ್ಟಲಿಲ್ಲ. ನನ್ನ ಮೇಲೆ ಸಿಟ್ಟಾಗಿದ್ದರು.

"ನೀ ಮಂದಿ ಮುಂದ ಅವನ ಮಾರಿ ಕೆಡಿಸಿದಿ. ಈಗ ಗಾಡಿನೂ ಕೆಡ್ತೈತಿ."

"ಗಾಡಿ ಕೆಟ್ಟರ ಕೆಡ್ಲಿ ಬಿಡ್ರೀ ಅತ್ತಿ. ನಿಮ್ಮ ಎದಿ ಕೆಟ್ಟರ ನಡೀತೈತೇನು?"

ಅವರು ನನ್ನನ್ನು ತಿಳಿವಳಿಕೆ ಇಲ್ಲದ ಹುಡುಗಿಯನ್ನು ನೋಡುವ ಹಾಗೆ ನೋಡಿದರು.

"ಗಾಡಿ ಹೊಸಾದೈತಿ ಬೇ," ಎಂದರು.